ಹಳೇ ಸೌದೆ ಒಲೆ ಕೊಳ್ಳುವ ಮುಂಚೆ ನಾನು ನೋಡಿದ್ದು

ತಿಪಟೂರು ಸೀಮೆಯಲ್ಲಿ ತೆಂಗಿನ ತೋಟ ಇದ್ದವರಿಗೆ ಉರುವಲಿಗೆ ಬರವಿಲ್ಲ. ಗರಿ, ಎಡೆಮಟ್ಟೆ, ಹೊಂಬಾಳೆ, ಕೊಬ್ಬರಿ ಒಡೆದ ಮೇಲೆ ಉಳಿಯುವ ಚಿಪ್ಪು ಎಲ್ಲ ಮನೆಯಲ್ಲೇ ಸಿಗುತ್ತೆ. ನಮ್ಮಲ್ಲಿ ಗ್ಯಾಸೂ ಇದೆ. ಆದರೆ ಸ್ನಾನದ ನೀರು, ದನಕ್ಕೆ ಹುರುಳಿ, ರಾತ್ರಿಯ ಮುದ್ದೆ ಎಲ್ಲಕ್ಕೂ ಅದನ್ನೇ ಉರಿಸಿದರೆ 14.2 ಕೆಜಿ ಸಿಲಿಂಡರ್ ಎಷ್ಟು ದಿನ ಬರುತ್ತೆ? ಹಾಗಾಗಿ ತುಮಕೂರಿನಲ್ಲಿ ಹಳೇ ಮನೆ ಕೆಡವುತ್ತಿದ್ದವರೊಬ್ಬರು ಹೊಗೆ ಕೊಳವೆ ಇರುವ ಬೀಡಿನ (ಎರಕದ ಕಬ್ಬಿಣದ) ಒಲೆ ಮಾರುತ್ತಾರೆ ಅಂತ ಗೊತ್ತಾದಾಗ ನೋಡೋಕೆ ಹೊರಟೆ.

ಹೊರಡುವ ಮುಂಚೆ ಮನೆಯಲ್ಲೇ ಒಂದಿಷ್ಟು ಅಳತೆ ತೆಗೆದುಕೊಂಡೆ. ದಿನಾ ಬಳಸುವ ಪಾತ್ರೆಗಳ ತಳ ಎಷ್ಟಗಲ, ನಾವು ಕಡಿದಿಟ್ಟ ಎಡೆಮಟ್ಟೆ ತುಂಡು ಎಷ್ಟುದ್ದ, ಅಡುಗೆಮನೆ ನೆಲದಿಂದ ಮಾಡಿನವರೆಗೆ ಎಷ್ಟೆತ್ತರ. ಒಲೆ ಗಟ್ಟಿಯಾಗಿದೆಯಾ ಅನ್ನೋದು ಆಮೇಲಿನ ಮಾತು. ನಮ್ಮ ಪಾತ್ರೆ ಅದರ ಮೇಲೆ ಸರಿಯಾಗಿ ಕೂರುತ್ತಾ, ನಮ್ಮ ಉರುವಲು ಅದರ ಬಾಯಿಗೆ ಹಿಡಿಸುತ್ತಾ ಅನ್ನೋದೇ ಮೊದಲು.

ಇದು ನನಗೆ ಗೊತ್ತಾಗಿದ್ದು ತವರುಮನೆಯಲ್ಲಿ. ನಮ್ಮದು ಕುಣಿಗಲ್ ತಾಲೂಕು. ಅಲ್ಲಿನ ಉಂಗ್ರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ'ದವರ ಕೇಂದ್ರ ಇತ್ತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಕಟ್ಟಬೇಕು ಅಂತ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು 1974ರಲ್ಲಿ ಶುರುಮಾಡಿದ ವಿಭಾಗ ಈ 'ಅಸ್ತ್ರ'. ಅವರು ರೂಪಿಸಿದ ಅಸ್ತ್ರ ಒಲೆ ನಮ್ಮ ಮನೆಯಲ್ಲಿತ್ತು. ಸಾಲಾಗಿ ಮೂರು ಪಾತ್ರೆ, ಬೆಂಕಿಯ ಕೆಳಗೆ ಜಾಲರಿ, ಕೊನೆಗೆ ಹೊಗೆ ಕೊಳವೆ. ಗಾಳಿ ಜಾಲರಿಯ ಕೆಳಗಿಂದ ಬರಬೇಕು, ಬಿಸಿ ಹೊಗೆ ಒಂದೊಂದೇ ಪಾತ್ರೆಯ ತಳ ಸವರಿಕೊಂಡು ಕೊಳವೆಗೆ ಹೋಗಬೇಕು. ಪಾತ್ರೆಗೂ ಕುಳಿಗೂ ನಡುವೆ ಸಂದಿ ಬಿಟ್ಟರೆ ಕಾವೂ ಹೋಯಿತು, ಹೊಗೆಯೂ ಮನೆ ತುಂಬಿತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಕಾವಿನ ಬಹುಪಾಲು ಪಾತ್ರೆಗೆ ಸೇರದೆ ಸುಮ್ನೆ ಹೊರಗೆ ಹೋಗುತ್ತೆ. ಹೊಸ ಒಲೆ ಬಂದ ಮೇಲೆ ಅಮ್ಮನ ಸೌದೆ ಹೊರೆ ಸಣ್ಣದಾಗಿದ್ದನ್ನು ನಾನೇ ನೋಡಿದ್ದೇನೆ.

ಮಾರುವವರು ಒಲೆಗೆ ಹೊಸದಾಗಿ ಕಪ್ಪು ಬಣ್ಣ ಬಳಿಸಿದ್ದರು. ಹೊಸ ಬಣ್ಣ ಕಂಡರೆ ನಾನು ಇನ್ನೂ ಹುಷಾರಾಗುತ್ತೇನೆ. ತುಕ್ಕು, ಬಿರುಕು ಎರಡನ್ನೂ ಅದು ಮುಚ್ಚುತ್ತೆ. ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ಸುತ್ತಲೂ ತಟ್ಟಿದೆ. ಗಟ್ಟಿ ಬೀಡು ಠಣ್ ಅನ್ನುತ್ತೆ, ಬಿರುಕು ಬಿಟ್ಟ ಕಡೆ ಒಡಕು ಸದ್ದು ಬರುತ್ತೆ. ಆಮೇಲೆ ಕೋಣೆ ಕತ್ತಲು ಮಾಡಿಸಿ ಟಾರ್ಚ್ ಹಚ್ಚಿ ಒಲೆಯ ಒಳಗಿಟ್ಟೆ. ಹಿಂಬದಿಯ ಜೋಡಣೆಯಲ್ಲಿ ಕೂದಲೆಳೆಯಷ್ಟು ಬೆಳಕು ಕಾಣಿಸಿತು. ಬೆರಳಾಡಿಸಿ ನೋಡಿದರೆ ಅದು ಬಿರುಕಲ್ಲ, ಎರಡು ಹಲಗೆ ಸೇರುವ ಕಡೆ ಹಳೇ ಮೆತ್ತುಮಣ್ಣು ಉದುರಿತ್ತು. ಅಷ್ಟಾದರೆ ಫೈರ್ ಕ್ಲೇ (ಕಾವು ತಡೆಯುವ ಮಣ್ಣು) ಮೆತ್ತಿದರೆ ಸಾಕು. ಬೀಡೇ ಸೀಳಿದ್ದರೆ ಅಲ್ಲಿಂದಲೇ ಎದ್ದು ಬರುತ್ತಿದ್ದೆ. ಬೀಡನ್ನು ಮಾಮೂಲಿ ವೆಲ್ಡಿಂಗ್ ಮಾಡಿದರೆ ನಿಲ್ಲೋದಿಲ್ಲ, ಕಾದು ತಣಿದಾಗ ಪಕ್ಕದಲ್ಲೇ ಮತ್ತೆ ಬಿರಿಯುತ್ತೆ.

ಬಾಗಿಲಿಗೆ ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆದೆ. ಮೂರು ಕಡೆ ಬಿಗಿಯಾಗಿತ್ತು, ಕೀಲಿನ ಹತ್ತಿರ ಸುಮ್ನೆ ಜಾರಿ ಬಂತು. ಕೀಲು ಸವೆದಿದೆ ಅಂತ ಅರ್ಥ. ಜಾಲರಿಯ ಸರಳು ನಡುವೆ ಜೋತುಬಿದ್ದಿತ್ತು. ಚಿಪ್ಪಿನ ಉರಿ ಬಹಳ ಜೋರು, ನಮ್ಮ ಮನೆಯಲ್ಲಿ ಆ ಜಾಲರಿ ಬಾಳೋದಿಲ್ಲ. ಕೊಳವೆಯಂತೂ ಸ್ಕ್ರೂಡ್ರೈವರ್ ಒತ್ತಿದ ಕಡೆ ತೂತಾಯಿತು. ಆದರೆ ಕೀಲು, ಜಾಲರಿ, ಕೊಳವೆ ಈ ಮೂರನ್ನೂ ಬದಲಾಯಿಸಬಹುದು. ಒಲೆಯ ಮೈಯನ್ನು ಬದಲಾಯಿಸೋಕೆ ಆಗಲ್ಲ. ನನ್ನ ತೀರ್ಮಾನವೆಲ್ಲ ಇದರ ಮೇಲೇ ನಿಂತಿತ್ತು.

"ಯಜಮಾನ್ರೇ, ಒಂದ್ಸಲ ಉರಿ ಹಾಕಿ ನೋಡ್ಲಾ?" ಅಂದೆ.

"ಧಾರಾಳವಾಗಿ ನೋಡಮ್ಮ, ಮುಚ್ಚಿಡೋಕೆ ಏನಿದೆ?" ಅಂದರು.

ಅಂಗಳಕ್ಕೆ ತಂದು, ಕೊಳವೆ ಸಿಕ್ಕಿಸಿ, ನಾನೇ ಒಯ್ದಿದ್ದ ಒಣ ಚಿಪ್ಪು ಹಾಕಿ ಹಚ್ಚಿದೆವು. ಬೆಂಕಿ ಒಳಕ್ಕೆ ಎಳೆದುಕೊಂಡಿತು. ಹೊಗೆ ಬಂದದ್ದು ಟಾರ್ಚಿನಲ್ಲಿ ಕಂಡ ಜಾಗದಿಂದ ಮತ್ತು ಕೊಳವೆಯ ತೂತಿಂದ ಮಾತ್ರ. ನಮ್ಮ ಪಾತ್ರೆ ಒಂದು ಕುಳಿಗೆ ಸರಿಹೋಯಿತು, ಇನ್ನೊಂದಕ್ಕೆ ಸಂದಿ ಮುಚ್ಚೋಕೆ ಕಬ್ಬಿಣದ ಬಳೆ ಹಾಕಿಸಬೇಕಿತ್ತು.

ಬೆಲೆಗೆ ಮುಂಚೆ ಗುಜರಿ ಅಂಗಡಿಯಲ್ಲಿ ಬೀಡಿನ ಕೆಜಿ ದರ ಕೇಳಿಕೊಂಡಿದ್ದೆ. ಜಾಲರಿ, ಕೊಳವೆ, ಕೀಲು, ಟೆಂಪೋ ಬಾಡಿಗೆ ಎಲ್ಲ ಕೂಡಿಸಿ ಅವರೆದುರೇ ಲೆಕ್ಕ ಹಾಕಿದೆ. ಅವರು ಇಳಿಸಿದರು, ಒಪ್ಪಿಕೊಂಡೆ.

ಒಲೆ ಕೊಂಡದ್ದಕ್ಕಿಂತ ಅದನ್ನು ಕೂರಿಸುವ ಜಾಗಕ್ಕೆ ಹೆಚ್ಚು ತಲೆ ಕೆಡಿಸಿಕೊಂಡೆ. ನಮ್ಮದು ಹೆಂಚಿನ ಮನೆ, ಪಕ್ಕದಲ್ಲೇ ಕಾಯಿ ಅಟ್ಟ. ಕೊಬ್ಬರಿ ಆಗೋಕೆ ತಿಂಗಳುಗಟ್ಟಲೆ ಸಿಪ್ಪೆ ಸಮೇತ ಒಣಗುವ ಕಾಯಿ ಅಲ್ಲಿರುತ್ತೆ. ಒಂದು ಕಿಡಿ ಸಾಕು. ಒಂಟಿ ತಗಡಿನ ಕೊಳವೆಗೂ ಮರ, ಬಿದಿರಿಗೂ ನಡುವೆ ಒಂದೂವರೆ ಅಡಿ ಜಾಗ ಇರಬೇಕು. ಹಾಗಾಗಿ ಮೊದಲು ಅಂದುಕೊಂಡಿದ್ದ ಮೂಲೆ ಬಿಟ್ಟು ಪಡುವಣ ಗೋಡೆಗೆ ಒಲೆ ಸರಿಸಿದೆವು. ಕೊಳವೆ ಮಾಡು ದಾಟಿ 3 ಅಡಿ ಎದ್ದಿದೆ, 10 ಅಡಿಯೊಳಗೆ ಇರುವ ಮಾಡಿನ ನೆತ್ತಿಗಿಂತ 2 ಅಡಿ ಎತ್ತರ ಇದೆ. ಅದಕ್ಕಿಂತ ಗಿಡ್ಡ ಇದ್ದರೆ ಗಾಳಿ ಬೀಸಿದಾಗ ಹೊಗೆ ವಾಪಸ್ ಒಳಗೇ ಬರುತ್ತೆ.

ಕೊಳವೆ ವಿಷಯದಲ್ಲಿ ನಾನು ಹಟ ಹಿಡಿದದ್ದು ಅತ್ತೆಯವರಿಗಾಗಿ. ಅವರು ಒಲೆ ಮುಂದೆ ಕೂತು ಕೆಮ್ಮಿದ್ದು ಸಾಕಾಗಿತ್ತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಂತ ಕೊಳವೆ ಹಾಕಿಬಿಟ್ಟರೆ ಹೊಗೆಯೆಲ್ಲ ಹೋಗಿಬಿಡುತ್ತೆ ಅಂತಲ್ಲ. ಕಿಟಕಿ ಈಗಲೂ ತೆಗೆದೇ ಇಡುತ್ತೇವೆ.

ಮಳೆಗಾಲದಲ್ಲಿ ಸಿಪ್ಪೆಯನ್ನು ಒಲೆಗೆ ಹಾಕೋದೇ ಇಲ್ಲ. ಒದ್ದೆ ಸಿಪ್ಪೆ ಉರಿಯೋದಕ್ಕಿಂತ ಹೊಗೆಯಾಡೋದೇ ಜಾಸ್ತಿ, ಕೊಳವೆಯೊಳಗೆ ಟಾರಿನಂತಹ ಅಂಟು ಕೂರುತ್ತೆ, ಮುಂದೆ ಅದಕ್ಕೇ ಬೆಂಕಿ ಹಿಡಿಯಬಹುದು. ಚಿಪ್ಪು, ಒಣ ಎಡೆಮಟ್ಟೆ ಮಾತ್ರ ಮುಂಚೆಯೇ ಸೂರಿನಡಿ ಪೇರಿಸಿಟ್ಟುಕೊಳ್ಳುತ್ತೇವೆ. ಕೊಳವೆಯ ಮೊಣಕೈ (ಬಾಗಿದ ತುಂಡು) ಬಿಚ್ಚಿ ಮಸಿ ಕೊಡವೋ ಕೆಲಸ ನಮ್ಮ ಯಜಮಾನರದು.