ಹ್ಯಾಸ್ಕೆಲ್‌ನಲ್ಲಿ ಡೇಟಾ ಸ್ಟ್ರಕ್ಚರ್ ಲೈಬ್ರರಿಗಳನ್ನು ನಾನು ಆರಿಸಿಕೊಂಡ ಬಗೆ

ಪಠ್ಯವನ್ನು ತಿದ್ದುವ, ತಿದ್ದಿದ್ದನ್ನು ಎಷ್ಟು ಹಂತ ಬೇಕಾದರೂ ಹಿಂದಕ್ಕೆ ಪಡೆಯಲು ಅವಕಾಶವಿರುವ ಪ್ರೋಗ್ರಾಮೊಂದನ್ನು ನಾನು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ಅದಕ್ಕೆ ಸಾಲುಗಳ ಸರಣಿ, ಪದಗಳ ಸೂಚಿ ಮತ್ತು ಸಾಲಿನ ಗುರುತುಸಂಖ್ಯೆಯಿಂದ ಟಿಪ್ಪಣಿಯನ್ನು ಹುಡುಕುವ ಕೋಷ್ಟಕ ಬೇಕಾಗಿದ್ದವು. ಇಂಥ ಡೇಟಾ ಸ್ಟ್ರಕ್ಚರ್‌ಗಳನ್ನು, ಅಂದರೆ ಮಾಹಿತಿಯನ್ನು ಜೋಡಿಸಿಡುವ ವಿನ್ಯಾಸಗಳನ್ನು, ಸಿದ್ಧರೂಪದಲ್ಲಿ ಕೊಡುವ ಲೈಬ್ರರಿಗಳ ವೇಗವನ್ನು ಹೋಲಿಸುವ ಮೊದಲು ನಾನು ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡೆ: ಯಾವ ಕ್ರಿಯೆ ಹೆಚ್ಚು ಸಲ ನಡೆಯುತ್ತದೆ, ಮತ್ತು ಹಳೆಯ ಆವೃತ್ತಿ ಮತ್ತೆ ಬಳಕೆಗೆ ಬರುತ್ತದೆಯೇ?

ಎರಡನೆಯ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲವೆಂದು ನನಗೆ ಅನಿಸುತ್ತದೆ. ಎರಡು ಪಟ್ಟಿಗಳಿಂದ ಕಟ್ಟಿದ ಸರಳ ಕ್ಯೂವನ್ನೇ (ಮೊದಲು ಬಂದದ್ದು ಮೊದಲು ಹೊರಹೋಗುವ ಸರದಿ) ನೋಡೋಣ. ಹೊಸ ಅಂಶಗಳು ಹಿಂದಿನ ಪಟ್ಟಿಗೆ ಸೇರುತ್ತವೆ, ಮುಂದಿನದರಿಂದ ಹೊರಹೋಗುತ್ತವೆ. ಮುಂದಿನ ಪಟ್ಟಿ ಬರಿದಾದಾಗ ಹಿಂದಿನದನ್ನು ತಿರುವಿ ಹಾಕುವ ದುಬಾರಿ ಕೆಲಸ ಅಪರೂಪಕ್ಕೊಮ್ಮೆ ಮಾತ್ರ ಬರುವುದರಿಂದ ಕ್ಯೂ ಎಷ್ಟೇ ಉದ್ದವಿದ್ದರೂ ಸರಾಸರಿ ವೆಚ್ಚ ಸ್ಥಿರವಾಗಿರುತ್ತದೆ. ಆದರೆ ತಿರುವುವುದಕ್ಕೆ ಸ್ವಲ್ಪ ಮೊದಲಿನ ಆವೃತ್ತಿಯನ್ನು ಕೈಯಲ್ಲಿಟ್ಟುಕೊಂಡು ಪದೇ ಪದೇ ಅಲ್ಲಿಂದಲೇ ಮುಂದುವರಿದರೆ, ಪ್ರತಿ ಸಲವೂ ಆ ವೆಚ್ಚವನ್ನು ಹೊಸದಾಗಿ ತೆರಬೇಕಾಗುತ್ತದೆ. ಸೋಮಾರಿ ಮೌಲ್ಯಮಾಪನದ (ಮೌಲ್ಯವನ್ನು ಬೇಕಾದಾಗ ಮಾತ್ರ ಲೆಕ್ಕ ಮಾಡಿ, ಆ ಉತ್ತರವನ್ನು ಉಳಿಸಿಟ್ಟುಕೊಳ್ಳುವ ಕ್ರಮದ) ನೆರವಿನಿಂದ ಇದನ್ನು ಹೇಗೆ ತಪ್ಪಿಸಬಹುದೆಂದು ಕಂಪ್ಯೂಟರ್ ವಿಜ್ಞಾನಿ ಕ್ರಿಸ್ ಒಕಾಸಾಕಿ ಡೇಟಾ ಸ್ಟ್ರಕ್ಚರ್‌ಗಳ ಕುರಿತ 1998ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಹಿಂದಿನ ಸ್ಥಿತಿಗೆ ಮರಳುವುದೇ ನನ್ನ ಪ್ರೋಗ್ರಾಮಿನ ಮುಖ್ಯ ಗುಣವಾಗಿದ್ದರಿಂದ, ವಿವರಣಾ ದಾಖಲೆಯಲ್ಲಿ ಹೇಳಿರುವ ಸರಾಸರಿ ವೆಚ್ಚವು ಹಳೆಯ ಆವೃತ್ತಿಗಳ ಮರುಬಳಕೆಯಲ್ಲೂ ನಿಲ್ಲುತ್ತದೆಯೇ ಎಂಬುದನ್ನು ಪ್ರತಿ ಲೈಬ್ರರಿಯಲ್ಲೂ ಪರಿಶೀಲಿಸಿದೆ.

ಸಾಲುಗಳ ಸರಣಿಗೆ, ಅಂಶಗಳನ್ನು ಒತ್ತೊತ್ತಾಗಿ ಜೋಡಿಸಿಡುವ ವೆಕ್ಟರ್ ಸೂಕ್ತವೆನಿಸಲಿಲ್ಲ. ಅದರಲ್ಲಿ ಯಾವ ಸಾಲನ್ನಾದರೂ ಸ್ಥಿರ ಸಮಯದಲ್ಲಿ ಓದಬಹುದಾದರೂ, ಒಂದು ಸಾಲನ್ನು ಬದಲಿಸಿದಾಗ ಇಡೀ ವೆಕ್ಟರಿನ ಪ್ರತಿ ತಯಾರಾಗುತ್ತದೆ. ನಾನು ಆರಿಸಿದ್ದು ಕಂಟೇನರ್ಸ್ ಲೈಬ್ರರಿಯ ಸೀಕ್ವೆನ್ಸ್. ಹಿಂಜೆ ಮತ್ತು ಪ್ಯಾಟರ್ಸನ್ 2006ರಲ್ಲಿ ವಿವರಿಸಿದ ಫಿಂಗರ್ ಟ್ರೀ ಎಂಬ, ತುದಿಗಳನ್ನು ಬೇಗ ಮುಟ್ಟಲು ಬರುವ ಮರದಂಥ ರಚನೆ ಅದರ ಬುನಾದಿ. ಎರಡೂ ತುದಿಗಳಲ್ಲಿ ಸೇರಿಸುವುದು ಅಗ್ಗ. ನಡುವೆ ಸೀಳುವುದು, ಎರಡು ಸರಣಿಗಳನ್ನು ಜೋಡಿಸುವುದು ಲಾಗರಿದಮಿಕ್ ವೆಚ್ಚದಲ್ಲಿ, ಅಂದರೆ ಸರಣಿ ದುಪ್ಪಟ್ಟಾದರೂ ಸ್ವಲ್ಪವೇ ಹೆಚ್ಚುವ ವೆಚ್ಚದಲ್ಲಿ, ಮುಗಿಯುತ್ತವೆ. ಹೊಸ ಆವೃತ್ತಿಯು ಹಳೆಯದರ ಬಹುಭಾಗವನ್ನು ಹಂಚಿಕೊಳ್ಳುತ್ತದೆ. ಕ್ಲೋಜರ್ ಎಂಬ ಇನ್ನೊಂದು ಭಾಷೆಯ ವೆಕ್ಟರ್ ಕೂಡ ಹೀಗೆಯೇ ಹಂಚಿಕೊಳ್ಳುತ್ತದೆ, ಮತ್ತು ಅದರ ಮರದ ಪ್ರತಿ ಗಂಟಿಗೆ (ನೋಡ್) 32 ಕವಲುಗಳಿರುವುದರಿಂದ 10 ಲಕ್ಷ ಅಂಶಗಳು ನಾಲ್ಕೇ ಹಂತಗಳಲ್ಲಿ ಅಡಕವಾಗುತ್ತವೆ. ಆದರೂ ನಡುವೆ ಹೊಸ ಅಂಶವನ್ನು ತೂರಿಸಲು ಅದು ತಕ್ಕದ್ದಲ್ಲ.

ಪದಗಳ ಸೂಚಿಗೆ, ಕೀಲಿ ಕೊಟ್ಟರೆ ಅದರ ಮೌಲ್ಯವನ್ನು ಹುಡುಕಿಕೊಡುವ ಹ್ಯಾಶ್‌ಮ್ಯಾಪ್ ಮತ್ತು ಮ್ಯಾಪ್ ಎರಡನ್ನೂ ಪರಿಗಣಿಸಿದೆ. ಒಂದು ಅಕ್ಷರಗುಚ್ಛದಿಂದ ಆರಂಭವಾಗುವ ಪದಗಳನ್ನೆಲ್ಲ ತೆಗೆಯಬೇಕಿದ್ದರಿಂದ ಕೀಲಿಗಳ ಅನುಕ್ರಮ ಅಗತ್ಯವಾಗಿತ್ತು, ಹ್ಯಾಶ್‌ಮ್ಯಾಪ್ ಅದನ್ನು ಕಾಪಾಡುವುದಿಲ್ಲ. ಹಾಗಾಗಿ ಮ್ಯಾಪನ್ನೇ ಆರಿಸಿದೆ, ಅಲ್ಲಿಗೆ ಆ ಚರ್ಚೆ ಮುಗಿಯಿತು.

ಗುರುತುಸಂಖ್ಯೆಗಳಿಗೆ, ಪೂರ್ಣಾಂಕಗಳೇ ಕೀಲಿಗಳಾಗಿರುವ ಇಂಟ್‌ಮ್ಯಾಪ್ ಬಳಸಿದೆ. ಇಲ್ಲೊಂದು ಸೂಕ್ಷ್ಮವಿದೆ. ಮ್ಯಾಪ್ ತನ್ನ ಮರವನ್ನು ಗಾತ್ರದ ಆಧಾರದಲ್ಲೇ ಸಮತೋಲನಗೊಳಿಸುವುದರಿಂದ ಪ್ರತಿ ಗಂಟಿನಲ್ಲೂ ಗಾತ್ರ ದಾಖಲಾಗಿರುತ್ತದೆ, ಕೇಳಿದ ಕೂಡಲೇ ಸಿಗುತ್ತದೆ. ಇಂಟ್‌ಮ್ಯಾಪ್‌ನಲ್ಲಿ ಅಂಥ ದಾಖಲೆಯಿಲ್ಲ. ಗಾತ್ರ ಕೇಳಿದರೆ ಅದು ಇಡೀ ಮರವನ್ನು ಸುತ್ತಿ ಎಣಿಸುತ್ತದೆ. ಟಿಪ್ಪಣಿಗಳ ಒಟ್ಟು ಸಂಖ್ಯೆಯನ್ನು ಪರದೆಯ ಮೇಲೆ ಸದಾ ತೋರಿಸಬೇಕಾಗಿದ್ದರಿಂದ ಆ ಎಣಿಕೆಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡೆ.

ಲೈಬ್ರರಿ ಗೊತ್ತಾದ ಮೇಲೂ ಅದರ ಯಾವ ಮಾಡ್ಯೂಲ್ (ಫಂಕ್ಷನ್‌ಗಳ ಉಪಭಾಗ) ಎಂಬ ನಿರ್ಧಾರ ಉಳಿದಿರುತ್ತದೆ. ಪದವೊಂದು ಎಷ್ಟು ಬಾರಿ ಬಂದಿದೆ ಎಂಬ ಎಣಿಕೆಯನ್ನು ಸೋಮಾರಿ ಮ್ಯಾಪಿನಲ್ಲಿ ಇಟ್ಟರೆ, ಲೆಕ್ಕ ಮಾಡದೆ ಬಿಟ್ಟ ಕೂಡಿಕೆಗಳು ಒಂದರ ಮೇಲೊಂದು ಪೇರಿಕೊಂಡು ಮೆಮೊರಿಯನ್ನು ತುಂಬುತ್ತವೆ. ಆದ್ದರಿಂದ ಎಣಿಕೆಗಳಿರುವ ಎಲ್ಲ ಕಡೆ, ಮೌಲ್ಯವನ್ನು ಕೂಡಲೇ ಲೆಕ್ಕ ಮಾಡುವ ಸ್ಟ್ರಿಕ್ಟ್ ಮಾಡ್ಯೂಲನ್ನೇ ಆಮದು ಮಾಡಿಕೊಂಡೆ. ಎರಡೂ ಮಾಡ್ಯೂಲ್‌ಗಳ ಟೈಪ್ ಒಂದೇ, ಭಿನ್ನವಾಗಿರುವುದು ಫಂಕ್ಷನ್‌ಗಳು ಮಾತ್ರ. ಹಾಗಾಗಿ ಸ್ಟ್ರಿಕ್ಟ್ ಮಾಡ್ಯೂಲನ್ನು ಆಮದು ಮಾಡಿಕೊಂಡಿದ್ದರೂ ಟೈಪಿಗೇ ಅಂಟಿಕೊಂಡಿರುವ ಫಂಕ್ಟರ್ ಇನ್‌ಸ್ಟನ್ಸ್ ಮೂಲಕ ಬರುವ ಎಫ್‌ಮ್ಯಾಪ್ (ಪ್ರತಿ ಮೌಲ್ಯಕ್ಕೂ ಒಂದು ಫಂಕ್ಷನನ್ನು ಅನ್ವಯಿಸುವ ಕ್ರಿಯೆ) ಸೋಮಾರಿಯಾಗಿಯೇ ಉಳಿಯುತ್ತದೆ. ಈ ಕಾರಣಕ್ಕಾಗಿ ಎಣಿಕೆಗಳ ಮೇಲೆ ಎಫ್‌ಮ್ಯಾಪ್ ಬಳಸಬಹುದಾಗಿದ್ದ ಕಡೆಗಳಲ್ಲೆಲ್ಲ ಸ್ಟ್ರಿಕ್ಟ್ ಮಾಡ್ಯೂಲಿನ ಸ್ವಂತ ಮ್ಯಾಪ್ ಫಂಕ್ಷನನ್ನು ಹೆಸರಿಸಿ ಕರೆದೆ.