ಬಿಟ್ಟು ಹೋದವರ ಫೋನ್ ನಂಬರು

ನಮ್ಮ ಕಾಲೇಜಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಕೋಚ್ ನಿವೃತ್ತಿಯ ಪತ್ರ ಕೊಟ್ಟದ್ದು 2024ರ ಫೆಬ್ರವರಿಯ ಕೊನೆಯ ವಾರದಲ್ಲಿ. ಇಪ್ಪತ್ತೆರಡು ವರ್ಷ ಅದೇ ಬೆಂಚಿನ ತುದಿಯಲ್ಲಿ ಕುಳಿತವರು ಅವರು. ಆ ಜಾಗಕ್ಕೆ ಯಾರನ್ನು ತರಬೇಕೆಂದು ನಿರ್ಧರಿಸಲು ಐದು ಜನರ ಸಮಿತಿಯಾಯಿತು, ಅದರಲ್ಲಿ ನನ್ನ ಹೆಸರೂ ಸೇರಿತು. ಅಮೆರಿಕದ ಅಯೋವಾ ರಾಜ್ಯದ ಒಂದು ಚಿಕ್ಕ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಇಲ್ಲಿನ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ ಪ್ರತಿ ಸದಸ್ಯ ಕಾಲೇಜೂ ಒಬ್ಬ ಅಧ್ಯಾಪಕರನ್ನು ಕ್ರೀಡಾ ಪ್ರತಿನಿಧಿಯಾಗಿ ನೇಮಿಸಬೇಕು. ಆಟಗಾರರ ಓದು ಹಳಿ ತಪ್ಪದಂತೆ ನೋಡಿಕೊಳ್ಳುವ ಕೆಲಸ ಅದು. ಆರು ವರ್ಷದಿಂದ ಅದು ನನ್ನ ಪಾಲಿಗಿದೆ, ನಾನು ಅದನ್ನು ಪ್ರೀತಿಯಿಂದ ಮಾಡುತ್ತೇನೆ.

ಆ ವಸಂತದಲ್ಲಿ ಅಯೋವಾದಲ್ಲಿ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಬಿಟ್ಟು ಬೇರೆ ಮಾತೇ ಇರಲಿಲ್ಲ. ಮಾರ್ಚ್ 3ರಂದು ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್, ಪುರುಷರ ತಂಡದಲ್ಲಿ ಆಡಿದ್ದ ಪೀಟ್ ಮರಾವಿಚ್ ಹೆಸರಿನಲ್ಲಿದ್ದ, ಕಾಲೇಜು ಆಟದಲ್ಲಿ ಒಟ್ಟು 3,667 ಅಂಕಗಳ ದಾಖಲೆಯನ್ನು ದಾಟಿದಳು. ಏಪ್ರಿಲ್ 7ರ ರಾಷ್ಟ್ರೀಯ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ ಅವಳ ತಂಡ ಸೌತ್ ಕ್ಯಾರೊಲಿನಾ ಎದುರು 87–75ರಿಂದ ಸೋತರೂ, ಟಿವಿಯಲ್ಲಿ ಆ ಪಂದ್ಯವನ್ನು ನೋಡಿದವರ ಸಂಖ್ಯೆ ಮೊದಲ ಬಾರಿಗೆ ಪುರುಷರ ಫೈನಲ್ ಅನ್ನು ಮೀರಿತು. ಕಿರಾಣಿ ಅಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ, ನನ್ನ ತರಗತಿಯ ಹಿಂದಿನ ಸಾಲಿನಲ್ಲಿ ಎಲ್ಲೆಲ್ಲೂ ಅದೇ. ಅಂಥ ಹೊತ್ತಿನಲ್ಲಿ ನಾವು ಕೋಚ್ ಹುಡುಕಲು ಕುಳಿತೆವು. ಅರ್ಜಿಗಳೂ ರಾಶಿಯಾಗಿ ಬಂದವು, ಆಸೆಯೂ ರಾಶಿಯಾಗಿತ್ತು. ‘ನಮಗೂ ಒಬ್ಬ ಕ್ಲಾರ್ಕ್ ಸಿಗುವಂತೆ ಮಾಡುವವರು ಬೇಕು’ ಎಂದು ಹಳೆಯ ವಿದ್ಯಾರ್ಥಿಯೊಬ್ಬರು ಪತ್ರ ಬರೆದಿದ್ದರು.

ನಮ್ಮಂಥ ಕಾಲೇಜಿಗೆ ಅದು ಸಲ್ಲದ ಆಸೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದ ತಂದೆತಾಯಂದಿರು ನನಗೆ ಫೋನ್ ಮಾಡಿ ಕೇಳುವುದೂ ಇದನ್ನೇ: ‘ಮಗಳು ಶಾಲಾ ತಂಡದಲ್ಲಿ ಚೆನ್ನಾಗಿ ಆಡುತ್ತಾಳೆ, ಕಾಲೇಜಿಗೆ ಸ್ಕಾಲರ್‌ಶಿಪ್ ಸಿಗುತ್ತದೆಯೇ?’ ಎನ್‌ಸಿಎಎಯಲ್ಲಿ ಮೂರು ಡಿವಿಷನ್‌ಗಳಿವೆ. ನೀವು ಟಿವಿಯಲ್ಲಿ ನೋಡುವುದು ಡಿವಿಷನ್ 1. ಅಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇದೆ, 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದು, 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಡಂಬಡಿಕೆಯ ನಂತರ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಅದೇ ಡಿವಿಷನ್ 1ರಲ್ಲಿದ್ದರೂ ಹಾರ್ವರ್ಡ್, ಪ್ರಿನ್ಸ್‌ಟನ್ ಮುಂತಾದ ಐವಿ ಲೀಗ್ ಕಾಲೇಜುಗಳು ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ. ನಾವಿರುವುದು ಡಿವಿಷನ್ 3ರಲ್ಲಿ. ಇಲ್ಲಿ ಆಟಕ್ಕಾಗಿ ಒಂದು ಡಾಲರ್ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಅಂಕ ನೋಡಿ, ಮನೆಯ ಆದಾಯ ನೋಡಿ ಕೊಡುವ ನೆರವು ಬೇರೆ. ಅಂದರೆ ನಮ್ಮ ತಂಡಕ್ಕೆ ಬರುವ ಹುಡುಗಿಯ ಮನೆಯವರು ಉಳಿದ ವಿದ್ಯಾರ್ಥಿಗಳ ಮನೆಯವರಂತೆಯೇ ಶುಲ್ಕ ಕಟ್ಟಿ, ಅವಳು ಬೆಳಗಿನ ಜಾವ ಎದ್ದು ಅಭ್ಯಾಸ ಮಾಡಿ, ಹಿಮದ ರಸ್ತೆಯಲ್ಲಿ ಬಸ್ಸಿನಲ್ಲಿ ಮೂರು ಗಂಟೆ ಪ್ರಯಾಣಿಸಿ, ಮರುದಿನ ಎಂಟು ಗಂಟೆಗೆ ನನ್ನ ತರಗತಿಯಲ್ಲಿ ಕುಳಿತಿರುತ್ತಾಳೆ. ಇಂಥ ಹುಡುಗಿಯನ್ನು ಕರೆತರಲು ಕೋಚ್ ಅವಳ ಮನೆಯವರಿಗೆ ಏನು ಹೇಳುತ್ತಾರೆ? ನನಗೆ ಬೇಕಾಗಿದ್ದ ಉತ್ತರ ಅದೊಂದೇ. ಕರೆತರುವಾಗ ಆಡಿದ ಮಾತಿಗೂ ಆಮೇಲೆ ನಡೆದದ್ದಕ್ಕೂ ತಾಳೆಯಾಗಬೇಕು.

ಗೆಲುವು ಸೋಲಿನ ಲೆಕ್ಕ ಅರ್ಜಿಯ ಮೊದಲ ಪುಟದಲ್ಲೇ ಇರುತ್ತದೆ. ಈ ತಾಳೆಯ ಲೆಕ್ಕ ಎಲ್ಲಿಯೂ ಇರುವುದಿಲ್ಲ. ಅದನ್ನು ನಾನೇ ಮಾಡಬೇಕಾಯಿತು. ಕಾಲೇಜುಗಳ ಜಾಲತಾಣಗಳಲ್ಲಿ ಪ್ರತಿ ವರ್ಷದ ತಂಡದ ಪಟ್ಟಿ ಹಾಗೆಯೇ ಇರುತ್ತದೆ. ಅಂತಿಮ ಸುತ್ತಿಗೆ ಉಳಿದ ಮೂವರೂ ಹಿಂದೆ ಕೆಲಸ ಮಾಡಿದ ಕಾಲೇಜುಗಳ ಪಟ್ಟಿಗಳನ್ನು ಮುದ್ರಿಸಿ ಊಟದ ಮೇಜಿನ ಮೇಲೆ ಸಾಲಾಗಿ ಹರಡಿದೆ. ಮೊದಲ ವರ್ಷದಲ್ಲಿ ಬಂದ ಹೆಸರಿಗೆ ಹಳದಿ ಗೆರೆ. ಅದೇ ಹೆಸರು ನಾಲ್ಕನೆಯ ವರ್ಷದಲ್ಲಿ ಇದೆಯೇ? ಇದ್ದರೆ ಹಸಿರು. 2020–21ರ ಕೋವಿಡ್ ಋತುವನ್ನು ಎನ್‌ಸಿಎಎ ಲೆಕ್ಕದಿಂದ ಬಿಟ್ಟು ಎಲ್ಲರಿಗೂ ಆಡಲು ಒಂದು ವರ್ಷ ಹೆಚ್ಚು ಕೊಟ್ಟಿತ್ತು. ಹಾಗಾಗಿ ಆ ಸಾಲುಗಳನ್ನು ಎರಡೆರಡು ಬಾರಿ ಪರೀಕ್ಷಿಸಬೇಕಾಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ಮೇಜಿನ ಒಂದು ಬದಿ ಹಸಿರಾಗಿತ್ತು, ಇನ್ನೊಂದು ಬದಿಯಲ್ಲಿ ಬರೀ ಹಳದಿ. ಮೂರನೆಯದು ನಡುವೆ.

ಟೆನೆಸ್ಸಿ ವಿಶ್ವವಿದ್ಯಾಲಯದಲ್ಲಿ 1974ರಿಂದ 2012ರವರೆಗೆ ಕೋಚ್ ಆಗಿದ್ದ ಪ್ಯಾಟ್ ಸಮಿಟ್ 1,098 ಪಂದ್ಯ ಗೆದ್ದರು, ಎಂಟು ಬಾರಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆದ್ದರು. ಅವರ ಬಗ್ಗೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ: ಅಲ್ಲಿ ತಮ್ಮ ಆಟದ ಅವಧಿಯನ್ನು ಪೂರ್ತಿ ಮುಗಿಸಿದ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದಳು. ಸಮಿತಿಯ ಮೊದಲ ಸಭೆಯಲ್ಲಿ ನಾನು ಈ ಮಾತನ್ನು ಹೇಳಿದೆ. ಯಾರೂ ವಿರೋಧಿಸಲಿಲ್ಲ, ಆದರೆ ಕ್ರೀಡಾ ನಿರ್ದೇಶಕರು ಮೆಲ್ಲಗೆ, ‘ಅವರು ಗೆದ್ದರು ಕೂಡ’ ಎಂದರು. ಅದೂ ನಿಜ. ಗೆಲ್ಲದ ಕೋಚ್‌ನಿಂದ ಹುಡುಗಿಯರಿಗೆ ಸಂತೋಷವೇನೂ ಇಲ್ಲ.

ಮೊದಲ ಅಭ್ಯರ್ಥಿ ದೊಡ್ಡ ವಿಶ್ವವಿದ್ಯಾಲಯವೊಂದರ ಸಹಾಯಕ ಕೋಚ್. ಬುದ್ಧಿವಂತರು, ಆಟದ ವಿಡಿಯೊ ಬಿಡಿಸಿ ತೋರಿಸುವುದರಲ್ಲಿ ಅವರಂಥವರನ್ನು ನಾನು ಕಂಡಿಲ್ಲ. ಅವರ ಯೋಜನೆಯ ತಿರುಳು ಟ್ರಾನ್ಸ್‌ಫರ್ ಪೋರ್ಟಲ್. ಕಾಲೇಜು ಬದಲಿಸಬಯಸುವ ಆಟಗಾರರ ಹೆಸರುಗಳನ್ನು ಎಲ್ಲ ಕೋಚ್‌ಗಳೂ ನೋಡಬಹುದಾದ ಆ ಪಟ್ಟಿಯನ್ನು ಎನ್‌ಸಿಎಎ 2018ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಪ್ರತಿ ವರ್ಷ ಅಲ್ಲಿಂದ ನಾಲ್ವರನ್ನು ತಂದರೆ ಎರಡೇ ವರ್ಷದಲ್ಲಿ ತಂಡ ಮೇಲೇರುತ್ತದೆ ಎಂದರು. ಲೆಕ್ಕ ಸರಿಯಾಗಿತ್ತು. ಆದರೆ ಮೂರನೆಯ ವರ್ಷದಲ್ಲಿ ಬೇರೆ ಕಾಲೇಜಿನಿಂದ ಬಂದವಳ ಅರ್ಧದಷ್ಟು ಕೋರ್ಸುಗಳು ನಮ್ಮ ಪದವಿಗೆ ಹೊಂದದೆ ಹೋದರೆ, ಇನ್ನೊಂದು ವರ್ಷದ ಶುಲ್ಕ ಕಟ್ಟುವವರು ಅವಳ ಅಪ್ಪ ಅಮ್ಮ. ಅಂಥ ಕಡತಗಳು ನನ್ನ ಮೇಜಿನ ಮೇಲೆ ಬಂದು ಹೋಗಿವೆ. ಪ್ರಶ್ನೆ ಕೇಳಿದಾಗ ಅವರು ಪ್ರಾಮಾಣಿಕವಾಗಿ, ಅದನ್ನು ಯೋಚಿಸಿರಲಿಲ್ಲ ಎಂದರು. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ.

ಎರಡನೆಯವರು ತಂದದ್ದು ನಮ್ಮ ರಾಜ್ಯದ್ದೇ ಒಂದು ಆಟದ ಶೈಲಿ. ಅಯೋವಾದ ಗ್ರಿನೆಲ್ ಕಾಲೇಜಿನ ಪುರುಷರ ತಂಡದಲ್ಲಿ ಡೇವಿಡ್ ಆರ್ಸೆನೊ ಬೆಳೆಸಿದ ಪದ್ಧತಿ ಅದು: ಇಡೀ ಅಂಕಣದಲ್ಲಿ ಎದುರಾಳಿಯನ್ನು ಬೆನ್ನಟ್ಟುವುದು, ಸಿಕ್ಕ ಕೂಡಲೇ ಮೂರು ಅಂಕದ ಗೆರೆಯ ಹೊರಗಿನಿಂದ ಎಸೆಯುವುದು, ಒಂದೆರಡು ನಿಮಿಷಕ್ಕೊಮ್ಮೆ ಐವರಿಗೆ ಐವರನ್ನೂ ಬದಲಿಸುವುದು. 2012ರ ನವೆಂಬರ್‌ನಲ್ಲಿ ಅಲ್ಲಿನ ಜ್ಯಾಕ್ ಟೇಲರ್ ಒಂದೇ ಪಂದ್ಯದಲ್ಲಿ 138 ಅಂಕ ಗಳಿಸಿದ್ದು ಈ ಪದ್ಧತಿಯಲ್ಲೇ. ‘ಹದಿನೈದು ಹುಡುಗಿಯರಿಗೂ ಆಡುವ ಅವಕಾಶ ಕೊಡುತ್ತೇನೆಂದು ಅವರ ಮನೆಯಲ್ಲಿ ಕುಳಿತು ಧೈರ್ಯವಾಗಿ ಹೇಳಬಲ್ಲೆ’ ಎಂದರು. ಕೇಳಲು ನನಗೆ ಬಹಳ ಇಷ್ಟವಾಯಿತು. ಕರೆತರುವ ಮಾತೂ ಆಡುವ ರೀತಿಯೂ ಒಂದೇ ಆಗಿದ್ದ ಯೋಜನೆ ಅದೊಂದೇ. ಆದರೆ ಮೇಜಿನ ಮೇಲೆ ಬರೀ ಹಳದಿಯಾಗಿದ್ದ ಬದಿ ಅವರದ್ದು.

ಹಳದಿ ಗೆರೆಗೆ ನೂರು ಕಾರಣಗಳಿರಬಹುದು. ಗಾಯ, ಮನೆಯ ಕಷ್ಟ, ಓದಿನ ಒತ್ತಡ, ಪ್ರೀತಿ. ಸಂಖ್ಯೆ ಕಾರಣ ಹೇಳುವುದಿಲ್ಲ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲೇ ಕಲಿಸುವವರು ಅದನ್ನು ಮರೆಯಬಾರದು. ಆದ್ದರಿಂದ ಮೂವರನ್ನೂ ಒಂದೇ ವಿಷಯ ಕೇಳೋಣವೆಂದೆ: ನಿಮ್ಮ ತಂಡವನ್ನು ಮಧ್ಯದಲ್ಲೇ ಬಿಟ್ಟು ಹೋದ ಮೂವರು ಆಟಗಾರ್ತಿಯರನ್ನು ಕೇಳಿ, ಅವರು ಒಪ್ಪಿದರೆ ಅವರ ಫೋನ್ ನಂಬರು ಕೊಡಿ. ಶಿಫಾರಸಿಗೆಂದು ಕೊಟ್ಟ ಹೆಸರುಗಳಿಗೆ ಕರೆ ಮಾಡಿದರೆ ಹೊಗಳಿಕೆಯಷ್ಟೇ ಕೇಳಿಸುತ್ತದೆ. ಬಿಟ್ಟು ಹೋದವರಿಗೆ ಯಾರನ್ನೂ ಮೆಚ್ಚಿಸುವ ಅಗತ್ಯವಿಲ್ಲ.

ಮೊದಲನೆಯವರು ಎರಡು ದಿನ ತೆಗೆದುಕೊಂಡು ಒಬ್ಬಳ ನಂಬರು ಕೊಟ್ಟರು. ಎರಡನೆಯವರು, ಬಿಟ್ಟವರ ಜೊತೆ ಸಂಪರ್ಕವಿಲ್ಲ ಎಂದರು. ಮೂರನೆಯವರು ಮೂವತ್ತನಾಲ್ಕು ವರ್ಷದವರು, ಪಕ್ಕದ ರಾಜ್ಯದ ನಮ್ಮಂಥದೇ ಕಾಲೇಜಿನಲ್ಲಿ ಸಹಾಯಕ ಕೋಚ್. ಅವರಿಂದ ಅದೇ ಸಂಜೆ ನಾಲ್ಕು ನಂಬರು ಬಂತು.

ಆ ನಾಲ್ವರಲ್ಲಿ ಒಬ್ಬಳ ಜೊತೆಗಿನ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. ಅವಳಿಗೆ ನರ್ಸಿಂಗ್ ಓದುವ ಮನಸ್ಸಾಗಿತ್ತು, ಆ ಕಾಲೇಜಿನಲ್ಲಿ ಆ ಪದವಿ ಇರಲಿಲ್ಲ. ‘ಹೇಳಲು ಭಯವಾಗಿ ಎರಡು ವಾರ ಕೋಚ್ ಕಣ್ಣಿಗೆ ಬೀಳದೆ ತಿರುಗಿದೆ, ಪ್ರೊಫೆಸರ್. ಕೊನೆಗೆ ಹೇಳಿದಾಗ ಅವರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಯಾವ ಕಾಲೇಜು ಎಂದು ಕೇಳಿದರು. ಶನಿವಾರ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋಗಿ ಆ ಕಾಲೇಜು ತೋರಿಸಿದರು. ಆ ತಂಡ ನಮ್ಮ ಎದುರಾಳಿ.’ ಅತ್ತ ಕಡೆಯಿಂದ ಆಸ್ಪತ್ರೆಯ ಗದ್ದಲ ಕೇಳಿಸುತ್ತಿತ್ತು, ಅವಳು ಪಾಳಿಯ ನಡುವೆ ಮಾತನಾಡುತ್ತಿದ್ದಳು. ಇನ್ನೊಬ್ಬಳು ಹೊಗಳಲಿಲ್ಲ. ಮೊದಲ ವರ್ಷ ತನಗೆ ಆಡಲು ಸಿಗುವುದು ಕಡಿಮೆ ಎಂದು ಕೋಚ್ ಮೊದಲೇ ಹೇಳಿದ್ದರು, ತಾನೇ ನಂಬಿರಲಿಲ್ಲ, ಈಗಲೂ ಅವರ ಮೇಲೆ ಸ್ವಲ್ಪ ಕೋಪವಿದೆ ಎಂದಳು. ಆ ಕೋಪದ ಮಾತಿನಲ್ಲಿ ನನಗೆ ಬೇಕಾದ ತಾಳೆ ಸಿಕ್ಕಿತು.

ನಮ್ಮ ಸಮಿತಿಯಲ್ಲಿ ಎಪ್ಪತ್ತು ದಾಟಿದ ಹಳೆಯ ವಿದ್ಯಾರ್ಥಿನಿಯೊಬ್ಬರಿದ್ದರು. ಅಯೋವಾದ ಹೈಸ್ಕೂಲುಗಳಲ್ಲಿ 1993ರವರೆಗೂ ಹುಡುಗಿಯರು ಆರು ಜನರ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಅಂಕ ಗಳಿಸುವ ಮೂವರು ಫಾರ್ವರ್ಡ್‌ಗಳು ಒಂದು ಅರ್ಧದಲ್ಲಿ, ಎದುರಾಳಿಯನ್ನು ತಡೆಯುವ ಮೂವರು ಗಾರ್ಡ್‌ಗಳು ಇನ್ನೊಂದು ಅರ್ಧದಲ್ಲಿ. ನಡುಗೆರೆ ದಾಟುವಂತಿಲ್ಲ, ಎರಡಕ್ಕಿಂತ ಹೆಚ್ಚು ಬಾರಿ ಚೆಂಡು ಪುಟಿಸುವಂತಿಲ್ಲ. ರಾಜಧಾನಿ ಡೆಸ್ ಮೊಯಿನ್‌ನ ವೆಟರನ್ಸ್ ಆಡಿಟೋರಿಯಂ ಆ ಪಂದ್ಯಗಳಿಗೆ ತುಂಬಿ ತುಳುಕುತ್ತಿತ್ತು. ಇವರು ಗಾರ್ಡ್. ನಾಲ್ಕು ವರ್ಷ ಆಡಿ, ಪಂದ್ಯದಲ್ಲಿ ಒಂದೇ ಒಂದು ಬಾರಿಯೂ ಬುಟ್ಟಿಗೆ ಗುರಿಯಿಟ್ಟು ಎಸೆದವರಲ್ಲ. ಪ್ರತಿ ಅಭ್ಯರ್ಥಿಗೂ ಅವರದ್ದು ಒಂದೇ ಪ್ರಶ್ನೆ: ‘ಒಂದನ್ನು ಮಾತ್ರ ಚೆನ್ನಾಗಿ ಬಲ್ಲ ಹುಡುಗಿ ಸಿಕ್ಕರೆ ಏನು ಮಾಡುತ್ತೀರಿ?’ ಇಬ್ಬರು, ಉಳಿದದ್ದನ್ನು ಕಲಿಸುತ್ತೇವೆ ಎಂದರು. ಮೂರನೆಯವರು, ‘ಆ ಒಂದರಿಂದ ನಾವು ಗೆಲ್ಲುವ ಪಂದ್ಯ ಯಾವುದೆಂದು ಮೊದಲು ಹುಡುಕುತ್ತೇನೆ, ಆಮೇಲೆ ಉಳಿದದ್ದನ್ನು ಕಲಿಸುತ್ತೇನೆ’ ಎಂದರು. ಹಿರಿಯರು ಪೆನ್ನು ಕೆಳಗಿಟ್ಟರು.

ಕೊನೆಯ ಪರೀಕ್ಷೆ ನನ್ನ ಸಲಹೆ. ಪ್ರವೇಶ ವಿಭಾಗದ ನಮ್ಮ ಸಹೋದ್ಯೋಗಿ ಒಬ್ಬ ತಾಯಿಯಾಗಿ ಕುಳಿತರು. ಮಗಳು ಒಳ್ಳೆಯ ಆಟಗಾರ್ತಿ, ಆದರೆ ಅವಳ ಸ್ಥಾನದಲ್ಲಿ ಆಗಲೇ ಇಬ್ಬರಿದ್ದಾರೆ. ಅವಳನ್ನು ಕರೆಯಿರಿ. ಮೂರನೆಯವರು ಕುರ್ಚಿಯನ್ನು ಮೇಜಿನ ಆ ಬದಿಯಿಂದ ಎಳೆದು ತಾಯಿಯ ಪಕ್ಕಕ್ಕೆ ತಂದು ಕುಳಿತರು. ಮನೆಯಿಂದ ಕಾಲೇಜಿಗೆ ಎಷ್ಟು ದೂರ, ಚಳಿಗಾಲದಲ್ಲಿ ಯಾರು ಕಾರು ಓಡಿಸುತ್ತಾರೆ ಎಂದು ಕೇಳಿದರು. ಆಮೇಲೆ ಹೇಳಿದರು: ‘ಮೊದಲ ಎರಡು ವರ್ಷ ನಿಮ್ಮ ಮಗಳು ಬೆಂಚಿನಲ್ಲೇ ಹೆಚ್ಚು ಇರಬಹುದು. ನಾಳೆ ಕಾಲು ಮುರಿದು ಆಟವೇ ನಿಂತುಹೋದರೂ ಅವಳು ಈ ಕಾಲೇಜಿನಲ್ಲೇ ಇರಲು ಬಯಸುತ್ತಾಳೆಯೇ? ಇಲ್ಲವೆಂದರೆ ದಯವಿಟ್ಟು ಬರಬೇಡಿ.’ ಕಾಲು ಮುರಿಯುವ ಮಾತು ಇಲ್ಲಿನ ಕೋಚ್‌ಗಳೆಲ್ಲ ಆಡುವ ಮಾತೇ. ‘ಬರಬೇಡಿ’ ಎಂಬುದನ್ನು ಸೇರಿಸಿ ಹೇಳಿದವರನ್ನು ನಾನು ಅಂದೇ ನೋಡಿದ್ದು.

ಆಗ ನನಗೆ ತುಮಕೂರಿನ ನಮ್ಮ ಪಿ.ಟಿ. ಮೇಷ್ಟ್ರು ನೆನಪಾದರು. ಆಯ್ಕೆಯ ದಿನ ಅವರು ಎತ್ತರ ಅಳೆಯುತ್ತಿರಲಿಲ್ಲ. ಹಿಂದಿನ ಒಂದು ತಿಂಗಳು ಬೆಳಿಗ್ಗೆ ಆರಕ್ಕೆ ಬಂದು, ಅಂಕಣದ ಮೇಲೆ ಉದುರಿದ ಹೊಂಗೆ ಎಲೆಯನ್ನು ಯಾರು ಹೇಳಿಸಿಕೊಳ್ಳದೆ ಗುಡಿಸುತ್ತಿದ್ದರು ಎಂದು ನೋಡಿರುತ್ತಿದ್ದರು. ಆಯ್ಕೆಯಾಗದವರ ಮನೆಗೆ ತಾವೇ ಸೈಕಲ್ಲಿನಲ್ಲಿ ಹೋಗಿ ಕಾರಣ ಹೇಳಿ ಬರುತ್ತಿದ್ದರು.

ಮತ ನಾಲ್ಕಕ್ಕೆ ಒಂದು. ಕ್ರೀಡಾ ನಿರ್ದೇಶಕರ ಮತ ಮೊದಲ ಅಭ್ಯರ್ಥಿಗೆ ಹೋಯಿತು, ಅವರ ಕಾರಣಗಳೂ ಗಟ್ಟಿಯಾಗಿದ್ದವು. ಏಪ್ರಿಲ್ ಕೊನೆಗೆ ಹೊಸ ಕೋಚ್ ಸಹಿ ಹಾಕಿದರು. ಜುಲೈ ಪೂರ್ತಿ ಅವರು ಮಡಚುವ ಕುರ್ಚಿ ಹಿಡಿದು ಊರೂರಿನ ಬೇಸಿಗೆ ಟೂರ್ನಿಗಳಲ್ಲಿ ಅಂಕಣದ ತುದಿಯಲ್ಲಿ ಕುಳಿತರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಉಳಿದ ಕೋಚ್‌ಗಳ ಕಣ್ಣು ಚೆಂಡಿನ ಮೇಲಿದ್ದಾಗ ಇವರ ಕಣ್ಣು ಬೆಂಚಿನ ಮೇಲಿತ್ತು. ಆಟದಿಂದ ಹೊರಬಂದ ಹುಡುಗಿ ಎಲ್ಲಿ ಕೂರುತ್ತಾಳೆ, ಯಾರಿಗೆ ನೀರಿನ ಬಾಟಲಿ ಕೊಡುತ್ತಾಳೆ ಎಂಬುದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಮೊದಲ ಋತುವಿನಲ್ಲಿ ನಾವು ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು. ಎರಡನೆಯದರಲ್ಲಿ ಸರಿಸಮ. ಆ ವಸಂತದಲ್ಲಿ ಒಂದು ಮಧ್ಯಾಹ್ನ ಕೋಚ್ ನನ್ನ ಕೋಣೆಗೆ ಬಂದರು. ಎರಡನೆಯ ವರ್ಷದ ಹುಡುಗಿಯೊಬ್ಬಳು ತಂಡ ಬಿಡುತ್ತಿದ್ದಾಳೆ ಎಂದರು. ಕಾರಣ ಕೇಳಿದೆ. ಅವರು ಉತ್ತರಿಸದೆ, ನನ್ನ ಮೇಜಿನ ಮೇಲಿದ್ದ ಚೀಟಿಯೊಂದನ್ನು ಎಳೆದುಕೊಂಡು ಒಂದು ಹೆಸರು, ಅದರ ಕೆಳಗೆ ಫೋನ್ ನಂಬರು ಬರೆದರು.

‘ಅವಳ ಒಪ್ಪಿಗೆ ಕೇಳಿದ್ದೇನೆ. ಇದನ್ನು ನಿಮ್ಮ ಕಡತದಲ್ಲಿ ಇಟ್ಟುಕೊಳ್ಳಿ’ ಎಂದರು. ‘ಕಾರಣವನ್ನು ಅವಳ ಬಾಯಿಂದಲೇ ಕೇಳಿ.’