ಮುಖ್ಯ ತೀರ್ಮಾನ ಯಾವುದು? ಕ್ಲಾಟ್ ತಯಾರಿಯಲ್ಲಿ ನನ್ನ ಅನುಭವ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲಾಟ್ ಪರೀಕ್ಷೆಯಲ್ಲಿ ಈಗ 120 ಪ್ರಶ್ನೆ, ಎರಡು ಗಂಟೆ ಸಮಯ. ಒಂದು ಉತ್ತರ ತಪ್ಪಿದರೆ ಕಾಲು ಅಂಕ ಕಳೆಯುತ್ತಾರೆ. ತಾರ್ಕಿಕ ವಿಭಾಗಕ್ಕೆ ಹೆಚ್ಚುಕಡಿಮೆ ಐದನೇ ಒಂದು ಪಾಲು. 2020ಕ್ಕಿಂತ ಮೊದಲು ಈ ವಿಭಾಗದಲ್ಲಿ ರಕ್ತಸಂಬಂಧ, ಸಂಖ್ಯಾಸರಣಿಯಂಥ ಪ್ರಶ್ನೆಗಳು ಬರುತ್ತಿದ್ದವು. ಅನಂತರ ಗದ್ಯಭಾಗ ಕೊಟ್ಟು ಅದರಲ್ಲಿನ ವಾದವನ್ನು ಬಿಡಿಸಿ ನೋಡಲು ಹೇಳುವ ಕ್ರಮ ಬಂತು. ಹಾಗಾಗಿ ಹಳೆಯ ಪ್ರಶ್ನೆಪತ್ರಿಕೆಗಳು ನನಗೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ನಾನು ಹಿಡಿದದ್ದು ಅಮೆರಿಕದ ಕಾನೂನು ಶಾಲೆಗಳ ಪ್ರವೇಶಕ್ಕೆ ನಡೆಯುವ ಎಲ್‌ಸ್ಯಾಟ್‌ನ ತಾರ್ಕಿಕ ವಿಭಾಗದ ಪ್ರಶ್ನೆಗಳನ್ನು. ಅಲ್ಲಿ ಗದ್ಯ ಚಿಕ್ಕದು, ಬಹುತೇಕ ನಾಲ್ಕೈದು ವಾಕ್ಯ. ‘ಈ ವಾದದ ಮುಖ್ಯ ತೀರ್ಮಾನ ಯಾವುದು’ ಎಂಬುದೇ ಅಲ್ಲಿ ಪ್ರಶ್ನೆಯ ಒಂದು ಬಗೆ. ಕ್ಲಾಟ್‌ನ ಉದ್ದನೆಯ ಗದ್ಯಕ್ಕೆ ಹೋಗುವ ಮೊದಲು ಈ ಸಣ್ಣ ವಾದಗಳಲ್ಲಿ ಕೈ ಪಳಗಿಸಿಕೊಂಡದ್ದು ನನಗೆ ತುಂಬ ನೆರವಾಯಿತು.

ಸಾಮಾನ್ಯವಾಗಿ ಹೇಳಿಕೊಡುವ ಉಪಾಯ ಎಂದರೆ ‘ಆದ್ದರಿಂದ’, ‘ಹಾಗಾಗಿ’ ಎಂಬಂಥ ಪದ ಹುಡುಕುವುದು, ಇಲ್ಲವೇ ಕೊನೆಯ ವಾಕ್ಯ ನೋಡುವುದು. ಎರಡನ್ನೂ ನಂಬಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದು ತೋರಿಸಲು ಒಂದು ವಾದ ಕಟ್ಟುತ್ತೇನೆ.

‘ಹೂಳೆತ್ತಿದರೆ ಕೆರೆ ಉಳಿಯುತ್ತದೆ ಎಂದು ಹಲವರು ಹೇಳುತ್ತಾರೆ. ಆದರೆ ಪಾಲಿಕೆ ಮೊದಲು ಒಳಚರಂಡಿಯನ್ನು ಸರಿಪಡಿಸಬೇಕು. ಕೊಳಚೆ ನೀರು ಹರಿದು ಬರುತ್ತಲೇ ಇದ್ದರೆ ಹೂಳೆತ್ತಿದ ಕೆರೆಯೂ ಕೆಲವೇ ವರ್ಷಗಳಲ್ಲಿ ಮತ್ತೆ ತುಂಬುತ್ತದೆ. ಆದ್ದರಿಂದ ಒಳಚರಂಡಿ ಸರಿಪಡಿಸದೆ ಹೂಳೆತ್ತಲು ಸುರಿದ ಹಣ ವ್ಯರ್ಥವಾಗುತ್ತದೆ.’

‘ಆದ್ದರಿಂದ’ ಇರುವುದು ಕೊನೆಯ ವಾಕ್ಯದಲ್ಲಿ. ಅದೂ ಒಂದು ತೀರ್ಮಾನವೇ, ಕೆರೆ ಮತ್ತೆ ತುಂಬುತ್ತದೆ ಎಂಬ ಮಾತಿನಿಂದ ಹೊರಟದ್ದು. ಆದರೆ ವಾದ ಅಲ್ಲಿಗೆ ನಿಲ್ಲುವುದಿಲ್ಲ. ನಾನು ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ‘ಆದ್ದರಿಂದ’ ಸೇರಿಸಿ ಎರಡೂ ದಿಕ್ಕಿನಿಂದ ಓದುತ್ತಿದ್ದೆ. ‘ಹಣ ವ್ಯರ್ಥವಾಗುತ್ತದೆ, ಆದ್ದರಿಂದ ಮೊದಲು ಒಳಚರಂಡಿ ಸರಿಪಡಿಸಬೇಕು’ ಎಂಬುದು ಸರಾಗವಾಗಿ ನಿಲ್ಲುತ್ತದೆ. ‘ಮೊದಲು ಒಳಚರಂಡಿ ಸರಿಪಡಿಸಬೇಕು, ಆದ್ದರಿಂದ ಹಣ ವ್ಯರ್ಥವಾಗುತ್ತದೆ’ ಎಂಬುದು ನಿಲ್ಲುವುದಿಲ್ಲ. ಅಲ್ಲಿಗೆ ಮುಖ್ಯ ತೀರ್ಮಾನ ಎರಡನೆಯ ವಾಕ್ಯ. ಹಣ ವ್ಯರ್ಥ ಎಂಬುದು ನಡುವಣ ತೀರ್ಮಾನ: ಕೆರೆ ಮತ್ತೆ ತುಂಬುತ್ತದೆ ಎಂಬ ಮಾತಿನಿಂದ ಆಸರೆ ಪಡೆದು ಎರಡನೆಯ ವಾಕ್ಯಕ್ಕೆ ಆಸರೆ ಕೊಡುತ್ತದೆ. ಲೇಖಕರು ಕೊಡುವ ಕಾರಣಗಳೆಲ್ಲ ಮುಖ್ಯ ತೀರ್ಮಾನಕ್ಕೆ ಆಸರೆಯಾಗಿರುತ್ತವೆ. ಅದು ಅವುಗಳಲ್ಲಿ ಯಾವುದಕ್ಕೂ ಆಸರೆಯಾಗಿರುವುದಿಲ್ಲ. ಪ್ರಶ್ನೆ ರಚಿಸುವವರು ನಡುವಣ ತೀರ್ಮಾನವನ್ನು ಒಂದು ಆಯ್ಕೆಯಾಗಿ ಇಡಲು ತಪ್ಪುವುದೇ ಇಲ್ಲ ಎನ್ನುವಷ್ಟು ಸಲ ಅದನ್ನು ಕಂಡಿದ್ದೇನೆ.

ತೀರ್ಮಾನ ಮೊದಲೇ ಬರುವುದು ನಮಗೆ ಹೊಸದೇನೂ ಅಲ್ಲ. ನಮ್ಮ ಹಳೆಯ ತರ್ಕಪರಂಪರೆಯಾದ ನ್ಯಾಯದರ್ಶನದಲ್ಲಿ ಐದು ಅವಯವಗಳ, ಎಂದರೆ ಐದು ಹಂತಗಳ, ವಾದ ಶುರುವಾಗುವುದೇ ಪ್ರತಿಜ್ಞೆಯಿಂದ, ಅಂದರೆ ಸಾಧಿಸಬೇಕಾದ ಮಾತಿನಿಂದ: ಬೆಟ್ಟದಲ್ಲಿ ಬೆಂಕಿಯಿದೆ. ಹೊಗೆಯಿರುವುದರಿಂದ ಎಂಬ ಹೇತು, ಅಂದರೆ ಕಾರಣ, ಆಮೇಲೆ. ಹೊಗೆಯಿರುವಲ್ಲಿ ಬೆಂಕಿಯಿರುತ್ತದೆ ಎಂಬುದಕ್ಕೆ ಅಡುಗೆಮನೆಯ ಉದಾಹರಣೆ, ಅದನ್ನು ಬೆಟ್ಟಕ್ಕೆ ಅನ್ವಯಿಸುವ ಉಪನಯ ದಾಟಿ, ಕೊನೆಯ ಹಂತವಾದ ನಿಗಮನದಲ್ಲಿ ಅದೇ ಮಾತು ಮತ್ತೆ ಬರುತ್ತದೆ. ಈ ಕ್ರಮ ಗೊತ್ತಾದ ಮೇಲೆ ಕೊನೆಯ ವಾಕ್ಯದ ಮೇಲೆ ನನಗಿದ್ದ ವಿಶೇಷ ಗೌರವ ಹೊರಟುಹೋಯಿತು.

ಹತ್ತನೇ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕ್ಲಾಟ್ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷಿನಲ್ಲಿ. ಗದ್ಯವನ್ನು ಪೂರ್ತಿ ಅನುವಾದಿಸುತ್ತ ಕುಳಿತರೆ ಸಮಯ ಸಾಲುವುದಿಲ್ಲ. ಆದ್ದರಿಂದ ಗದ್ಯವನ್ನು ಇಂಗ್ಲಿಷಿನಲ್ಲೇ ಓದಿ, ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿಕೊಳ್ಳುತ್ತಿದ್ದೆ: ‘ಹಾಗೆ ಯಾಕೆ ಹೇಳುತ್ತೀರಿ?’ ಗದ್ಯದೊಳಗೇ ಉತ್ತರ ಸಿಕ್ಕರೆ ಆ ವಾಕ್ಯ ತೀರ್ಮಾನವಾಗಿರಬಹುದು. ಸಿಗದಿದ್ದರೆ ಅದು ಆಧಾರ, ಹಿನ್ನೆಲೆ ಅಥವಾ ಬೇರೆಯವರ ಅಭಿಪ್ರಾಯ. ಅಭ್ಯಾಸಕ್ಕೆ ಕನ್ನಡ ಪತ್ರಿಕೆಗಳ ಸಂಪಾದಕೀಯ ಬಹಳ ಒಳ್ಳೆಯ ಸಾಮಗ್ರಿ. ಬೆಳಿಗ್ಗೆ ಸಂಪಾದಕೀಯ ಓದಿ, ಪತ್ರಿಕೆ ಏನನ್ನು ಒಪ್ಪಿಸಲು ಹೊರಟಿದೆ ಎಂಬುದನ್ನು ಅಂಚಿನಲ್ಲಿ ಒಂದೇ ವಾಕ್ಯದಲ್ಲಿ ಬರೆಯುತ್ತಿದ್ದೆ. ‘ಕೆರೆಗಳ ಬಗ್ಗೆ’ ಎಂದು ಬರೆದರೆ ಅದು ವಿಷಯ, ತೀರ್ಮಾನವಲ್ಲ.

ಇನ್ನೊಂದು ಬಗೆಯ ವಾದಕ್ಕೆ ಹೆಚ್ಚು ಎಚ್ಚರ ಬೇಕು. ‘ಬಸ್ ದರ ಏರಿಸಿದರೆ ನಿಗಮದ ನಷ್ಟ ತಗ್ಗುತ್ತದೆ ಎಂಬ ವಾದವಿದೆ. ಇದು ಸರಿಯಲ್ಲ. ದರ ಏರಿದರೆ ಬಹಳಷ್ಟು ಪ್ರಯಾಣಿಕರು ಬಸ್ ಬಿಟ್ಟು ಸ್ವಂತ ವಾಹನ ಹಿಡಿಯುತ್ತಾರೆ. ಟಿಕೆಟಿನಿಂದ ಬರುವ ಒಟ್ಟು ಹಣವೇ ಕುಸಿಯುತ್ತದೆ.’ ಇಲ್ಲಿ ತೀರ್ಮಾನ ‘ಇದು ಸರಿಯಲ್ಲ’ ಎಂಬ ಪುಟ್ಟ ವಾಕ್ಯ. ‘ಇದು’ ಎಂದರೆ ಏನು ಎಂದು ತುಂಬಿಕೊಳ್ಳಬೇಕು: ದರ ಏರಿಸಿದರೆ ನಷ್ಟ ತಗ್ಗುತ್ತದೆ ಎಂಬ ವಾದ ಸರಿಯಲ್ಲ. ಆಯ್ಕೆಗಳಲ್ಲಿ ‘ನಿಗಮ ದರ ಏರಿಸಬಾರದು’ ಎಂಬುದೂ ಇರುತ್ತದೆ, ಓದಲು ಹಿತವಾಗಿಯೂ ಇರುತ್ತದೆ. ಆದರೆ ಲೇಖಕರು ಏರಿಸಬೇಕು, ಬಾರದು ಎಂಬ ಮಾತನ್ನೇ ಎತ್ತಿಲ್ಲ. ದರ ಏರಿಸಲು ಬೇರೆ ಕಾರಣಗಳಿವೆ ಎಂದು ಅವರು ನಂಬಿರಲೂಬಹುದು. ಗದ್ಯದಿಂದ ನಾವು ಊಹಿಸಬಹುದಾದದ್ದು ಬೇರೆ, ಲೇಖಕರು ವಾದಿಸಿದ್ದು ಬೇರೆ. ಪ್ರಶ್ನೆ ಕೇಳುವುದು ಎರಡನೆಯದನ್ನು. ಹಾಗೆಯೇ ಲೇಖಕರು ‘ಬಹಳಷ್ಟು’ ಎಂದ ಕಡೆ ‘ಎಲ್ಲ’ ಎನ್ನುವ, ‘ಮೊದಲು’ ಎಂದ ಕಡೆ ‘ಮಾತ್ರ’ ಎನ್ನುವ ಆಯ್ಕೆಗಳನ್ನು ನಾನು ಕೂಡಲೇ ಹೊಡೆದುಹಾಕುತ್ತಿದ್ದೆ.

ಇವೆಲ್ಲಕ್ಕಿಂತ ಹೆಚ್ಚು ಅಂಕ ಉಳಿಸಿದ ಅಭ್ಯಾಸ ಎಂದರೆ, ಆಯ್ಕೆಗಳನ್ನು ನೋಡುವ ಮೊದಲೇ ಬೆರಳಿನಿಂದ ತೀರ್ಮಾನದ ವಾಕ್ಯವನ್ನು ಮುಟ್ಟಿ ನಿಲ್ಲುವುದು. ನಾಲ್ಕು ಆಯ್ಕೆಗಳನ್ನು ಓದಿದ ಮೇಲೆ ಗದ್ಯಕ್ಕೆ ಮರಳಿದರೆ ನಾಲ್ಕೂ ನಿಜವೆನಿಸುತ್ತವೆ, ಏಕೆಂದರೆ ಅವುಗಳಲ್ಲಿ ಎರಡು ಮೂರು ಗದ್ಯದಲ್ಲಿಯೇ ಇರುವ ಮಾತುಗಳು. ಬೆರಳು ಮೊದಲೇ ಒಂದು ವಾಕ್ಯದ ಮೇಲಿದ್ದರೆ, ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿದ ಆಯ್ಕೆಯನ್ನು ಹುಡುಕುವುದಷ್ಟೇ ಉಳಿಯುತ್ತದೆ.